ಗೋಡೆಯ ಮೇಲೊಂದು ಗಬ್ಬದ ಹಸು

ಹಸುವಿನ ಮೈ ಗೋಡೆಯ ಮೇಲಿತ್ತು, ಕಾಲುಗಳು ಮಾತ್ರ ನೆಲದ ಮೇಲೆ ಬಿದ್ದಿದ್ದವು. ನಮ್ಮ ಶಾಲೆಯ ಅಡುಗೆ ಕೋಣೆಯ ಗೋಡೆ ಪೂರ್ವಕ್ಕೆ ಮುಖ ಮಾಡಿದೆ. ಅದರ ಮುಂದೆ ಒಂದು ಹಸುವನ್ನು ಅಡ್ಡಡ್ಡ ನಿಲ್ಲಿಸಿದರೆ ಬೆಳಗಿನ ಬಿಸಿಲಿಗೆ ನೆರಳು ಗೋಡೆಗೆ ಬೀಳುತ್ತದೆ, ಮಕ್ಕಳು ಇದ್ದಿಲು ಹಿಡಿದು ಅದರ ಅಂಚು ಎಳೆದರೆ ನಿಜವಾದ ಅಳತೆಯ ಹಸು ಸಿಕ್ಕಿಬಿಡುತ್ತದೆ ಎಂಬುದು ನನ್ನ ಘನವಾದ ಉಪಾಯ. ತಲೆ, ಬೆನ್ನು, ಹೊಟ್ಟೆ ಎಲ್ಲ ಗೋಡೆಗೆ ಬಿದ್ದವು ನಿಜ. ಕಾಲುಗಳು ಮಾತ್ರ ಹಸುವಿನ ಗೊರಸಿನಿಂದ ಗೋಡೆಯ ಬುಡದವರೆಗೆ ಮಣ್ಣಿನಲ್ಲಿ ಉದ್ದಕ್ಕೆ ಮಲಗಿಬಿಟ್ಟಿದ್ದವು.

“ಮಿಸ್, ಹಸು ನಿಂತೈತೆ, ನೆರಳು ಯಾಕೆ ಮಲಿಕ್ಕೊಂಡೈತೆ?” ಅಂತ ಐದನೇ ಕ್ಲಾಸಿನ ಹುಡುಗಿ ಕೇಳಿದಳು. ಹಸು ಅವಳ ಮನೆಯದೇ. ಹಗ್ಗ ಹಿಡಿದುಕೊಂಡು ನಿಂತಿದ್ದವಳೂ ಅವಳೇ.

ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಹೊಳೆಯದಿದ್ದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ “ನೀವೇ ಯೋಚನೆ ಮಾಡಿ” ಅನ್ನುತ್ತೇನೆ. ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಬಹಳ ಒಳ್ಳೆಯ ಹೆಸರಿದೆ. ಮಕ್ಕಳು ಯೋಚನೆ ಮಾಡುತ್ತಿರುವಾಗ ಹಸು ಪಕ್ಕದ ಕೈತೋಟದ ದಂಟಿನ ಸೊಪ್ಪನ್ನು ಬುಡಸಮೇತ ಕಿತ್ತು ತಿಂದಿತು. ಬಿಸಿಯೂಟದ ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಮಧ್ಯಾಹ್ನಕ್ಕೆ ಸಾರಿಗೆ ಹಾಕಣ ಅಂತಿದ್ದೆ ಮೇಡಂ. ಇನ್ನ ನಿಮ್ಮ ಹಸೂನೇ ಕೇಳಿ ಸಾರು ಏನ್ ಮಾಡೋದು ಅಂತ.”

ಅವತ್ತಿಗೆ ಪಾಠ ಮುಗಿಯಿತು.

ಇದೆಲ್ಲ ಶುರುವಾಗಿದ್ದು ಒಂದು ತರಬೇತಿಯಿಂದ. ಹೊಸಕೋಟೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಕಲೆಯ ಮೂಲಕ ಕಲಿಸಿ, ಕೈಯಿಂದ ಮಾಡಿಸಿ ಕಲಿಸಿ ಎಂದು ಹೇಳಿದರು. ನಾನು ಒಳ್ಳೆಯ ಮಾತು ಅಂದುಕೊಂಡೆ. ಆಮೇಲೆ ಐಸ್‌ಕ್ರೀಮ್ ಕಡ್ಡಿ, ಗೋಂದು, ಥರ್ಮಾಕೋಲ್ ಹಂಚಿ ಮನೆ ಮಾಡಿ ಅಂದರು. ಮಾಡಿದೆವು. ನನ್ನ ಮನೆ ಚಹಾ ಕುಡಿದು ಬರುವಷ್ಟರಲ್ಲಿ ಬಿದ್ದುಹೋಗಿತ್ತು. ಥರ್ಮಾಕೋಲ್ ಕಂಡರೆ ಮೊದಲಿನಿಂದಲೂ ನನಗಾಗುವುದಿಲ್ಲ, ಅದರ ಕಿರಿಕಿರಿ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ಮಾಡಿದರೆ ಈ ಊರಿನ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ವಸ್ತುವನ್ನೇ ಹಿಡಿದು ಮಾಡಬೇಕು ಎಂದು ಮಾರನೆಯ ದಿನ ಶಾಲೆಗೆ ಬರುವ ಬಸ್ಸಿನಲ್ಲೇ ನಿರ್ಧಾರ ಮಾಡಿಕೊಂಡೆ. ಸೂಲಿಬೆಲೆ ಕಡೆಯ ಊರುಗಳಲ್ಲಿ ಅಂಥದ್ದೇನು ಎಂದು ಹುಡುಕಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮ ಶಾಲೆಯ ಮಕ್ಕಳೇ ಇರುತ್ತಾರೆ.

ನಮ್ಮದು ಐದನೇ ತರಗತಿಯವರೆಗಿನ ಶಾಲೆ. ಇಬ್ಬರು ಶಿಕ್ಷಕಿಯರು. ಒಂದರಿಂದ ಮೂರು ಇನ್ನೊಬ್ಬರಿಗೆ, ನಾಲ್ಕು ಐದು ನನಗೆ, ಜೊತೆಗೆ ಮುಖ್ಯ ಶಿಕ್ಷಕಿಯ ಕುರ್ಚಿಯೂ ನನಗೇ. ನನ್ನ ಕೋಣೆಯಲ್ಲಿ ಗಂಡುಮಕ್ಕಳನ್ನು ಹುಡುಕಬೇಕು. ಊರಲ್ಲಿ ಹುಡುಗರು ಹುಟ್ಟಿಲ್ಲ ಅಂತಲ್ಲ. ಬೆಳಿಗ್ಗೆ ಹಳದಿ ವ್ಯಾನು ಬಂದು ಅರಳಿಕಟ್ಟೆ ಹತ್ತಿರ ಹಾರ್ನ್ ಹೊಡೆಯುತ್ತದೆ, ಹುಡುಗರು ಟೈ ಕಟ್ಟಿಕೊಂಡು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ. ಅವರ ಅಕ್ಕಂದಿರು ವ್ಯಾನು ಹತ್ತಿಸಿ ಬ್ಯಾಗು ಕೊಟ್ಟು ನನ್ನ ಶಾಲೆಗೆ ನಡೆದು ಬರುತ್ತಾರೆ. ಇದನ್ನು ಊರಲ್ಲಿ ಯಾರೂ ಅನ್ಯಾಯ ಅನ್ನುವುದಿಲ್ಲ. ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಹಸು ತಂದಿದ್ದ ಆ ಹುಡುಗಿಯ ತಮ್ಮನೂ ಆ ವ್ಯಾನಿನಲ್ಲೇ ಹೋಗುತ್ತಿದ್ದ, ಒಂದನೇ ತರಗತಿಗೆ. ಅವನ ಶಾಲೆಯಲ್ಲಿ ಒಂದು ಗಾಜಿನ ಬೀರುವಿನೊಳಗೆ ಮನುಷ್ಯನ ಮೂಳೆಗೂಡು ನಿಲ್ಲಿಸಿದ್ದಾರಂತೆ. ಆ ಕೋಣೆಯ ಮುಂದೆ ಹಾದು ಹೋಗಲು ಅವನಿಗೆ ಭಯ. ಇವಳಿಗೆ ಅದನ್ನು ನೋಡಬೇಕೆಂಬ ಹುಚ್ಚು. ಐದು ಮುಗಿದ ಮೇಲೆ ಆರಕ್ಕೆ ಅದೇ ವ್ಯಾನು ಹತ್ತಿ ಅದೇ ಶಾಲೆಗೆ ಹೋಗಬೇಕು ಅನ್ನುವುದು ಅವಳ ಆಸೆ. ನನ್ನ ಹತ್ತಿರ ಮುಚ್ಚುಮರೆ ಇಲ್ಲದೆ ಹೇಳಿದ್ದಳು. “ಅಪ್ಪ ಪಕ್ಕದೂರ ಸ್ಕೂಲೇ ಸಾಕು ಅಂತಾರೆ ಮಿಸ್. ಅಲ್ಲಿ ಮೂಳೆಗೂಡು ಇಲ್ಲ. ನೀವು ಅಪ್ಪಂಗೆ ಒಂದ್ ಮಾತ್ ಹೇಳಿ.”

ಸರ್ಕಾರಿ ಶಾಲೆಯ ಮೇಡಂ ಆಗಿ, ನಿಮ್ಮ ಮಗಳನ್ನು ಕಾನ್ವೆಂಟಿಗೆ ಹಾಕಿ ಎಂದು ನಾನೇ ಹೇಳಬೇಕು! ನನಗೆ ನಗುವೂ ಬಂತು, ಉರಿಯೂ ಹತ್ತಿತು. ಆದರೂ ಹೇಳುತ್ತೇನೆ ಅಂದೆ. ಪ್ರಶ್ನೆ ಕೇಳುವ ಮಗು ಎಲ್ಲಿ ಹೋಗಲು ಬಯಸುತ್ತದೋ ಅಲ್ಲಿಗೆ ಹೋಗಬೇಕು ಅನ್ನುವಷ್ಟು ಬುದ್ಧಿ ನನಗಿದೆ ಅಂದುಕೊಂಡಿದ್ದೇನೆ.

ನೆರಳಿನ ವಿಷಯಕ್ಕೆ ಬರುತ್ತೇನೆ. ಮಾರನೆಯ ದಿನ ಮಕ್ಕಳು ಗೋಡೆಯ ಮುಂದೆ ಒಂದು ಕಡ್ಡಿ ನೆಟ್ಟು ನೋಡಿದ್ದರು. ಸೂರ್ಯ ಮೇಲಿದ್ದಷ್ಟೂ ನೆರಳು ನೆಲಕ್ಕೇ ಬಿದ್ದುಹೋಗುತ್ತದೆ, ಕೆಳಗಿದ್ದರೆ ಗೋಡೆ ಹತ್ತುತ್ತದೆ. ಹತ್ತು ಗಂಟೆಗೆ ಹಸು ನಿಲ್ಲಿಸಿದ್ದೇ ತಪ್ಪು. ಏಳಕ್ಕೆ ನಿಲ್ಲಿಸಬೇಕು, ಗೋಡೆಗೆ ಒತ್ತಿದ ಹಾಗೆ ನಿಲ್ಲಿಸಬೇಕು. ಅದಕ್ಕಾಗಿ ನಾನು ನನ್ನ ಮನೆಯಿರುವ ಹೊಸಕೋಟೆಯಿಂದ ಮೊದಲನೇ ಬಸ್ಸು ಹಿಡಿದೆ. ಮಕ್ಕಳು ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದುಕೊಂಡೇ ಬಂದರು. ಹಸುವಿನ ಬಾಯಿಗೆ ಈ ಸಲ ಒಂದು ಹೊರೆ ಸೀಮೆಹುಲ್ಲು ಇಟ್ಟಿದ್ದೆವು. ಬಿಸಿಲು ಇನ್ನೂ ಎಳೆಯದು. ಗೋಡೆಯ ಮೇಲೆ ನಾಲ್ಕು ಕಾಲಿನ, ಬಾಲ ಅಲ್ಲಾಡಿಸುವ, ದೊಡ್ಡ ಹೊಟ್ಟೆಯ ಹಸುವೊಂದು ಎದ್ದು ನಿಂತಿತು. ಒಬ್ಬಳು ಬೆನ್ನು, ಒಬ್ಬಳು ಬಾಲ, ಇಬ್ಬರು ಕಾಲು ಅಂತ ಹಂಚಿಕೊಂಡು ಇದ್ದಿಲಿನಲ್ಲಿ ಎಳೆದರು. ಅದು ತಲೆ ತಿರುಗಿಸಿದಾಗೆಲ್ಲ ತಲೆ ಎಳೆಯುವವಳು ಅಳಿಸಿ ಅಳಿಸಿ ಸಾಕಾಗಿ, ಕೊನೆಗೆ “ಲೇ, ಒಂದ್ ನಿಮಿಷ ಸುಮ್ನಿರೇ!” ಅಂತ ಹಸುವನ್ನೇ ಗದರಿದಳು.

ಹಸು ಮನೆಗೆ ಹೋದ ಮೇಲೆ ನಾನು ದೂರ ನಿಂತು ನೋಡಿದೆ. ಏನೋ ಕೊರತೆ ಕಾಣಿಸಿತು.

“ಕೊಂಬು ಬರೆದಿಲ್ಲ.”

“ಕೊಂಬಿಲ್ವಲ್ಲ ಮಿಸ್” ಅಂದರು.

“ಪುಸ್ತಕದಲ್ಲಿ ನೋಡಿ, ಹಸುವಿಗೆ ಎರಡು ಕೊಂಬು.”

“ಅದು ಪುಸ್ತಕದ ಹಸು ಮಿಸ್. ನಮ್ಮೂರ ಹಸು ಯಾವುದಕ್ಕೂ ಕೊಂಬಿಲ್ಲ.”

ನಿಜ. ಇಷ್ಟು ವರ್ಷ ಆ ಊರಿಗೆ ಓಡಾಡಿದ್ದೇನೆ, ಗಮನಿಸಿರಲಿಲ್ಲ. ಇಲ್ಲಿ ಎಲ್ಲರ ಮನೆಯದೂ ಕಪ್ಪು ಬಿಳಿ ಸೀಮೆ ಹಸುವೇ. ಕರುವಿದ್ದಾಗಲೇ ಡಾಕ್ಟರು ಕೊಂಬಿನ ಬುಡ ಸುಟ್ಟುಬಿಡುತ್ತಾರೆ. ಕೊಟ್ಟಿಗೆಯಲ್ಲಿ ಒಂದಕ್ಕೊಂದು ತಿವಿಯಬಾರದು ಅಂತ. ಕೊಂಬಿಗೆ ಬದಲಾಗಿ ಮಕ್ಕಳು ಮರೆಯದೆ ಬರೆದಿದ್ದು ಕಿವಿಗೆ ಚುಚ್ಚುವ ನಂಬರಿನ ಹಳದಿ ಬಿಲ್ಲೆ. ಅದಕ್ಕೆ ಅರಿಶಿನ ತಂದು ಹಚ್ಚಿದರು. ಒಂದನೇ ಕ್ಲಾಸಿನ ಪುಟಾಣಿ ಅಂತೂ, ಬಿಲ್ಲೆ ಇಲ್ಲದೆ ಹಸು ಹುಟ್ಟುವುದೇ ಇಲ್ಲ ಅನ್ನುವ ಹಾಗೆ ತನ್ನ ಸ್ಲೇಟಿನ ಕರುವಿಗೂ ಹಾಕಿದ್ದಳು. ಕೊಂಬಿನ ಮಾತು ಅಲ್ಲಿಗೆ ಬಿಟ್ಟೆ.

ಆಮೇಲೆ ಉದ್ದ ಅಳೆದರು, ಎತ್ತರ ಅಳೆದರು, ಪುಸ್ತಕದ ಚಿತ್ರ ಇದರ ಎಷ್ಟನೇ ಒಂದು ಭಾಗ ಎಂದು ಲೆಕ್ಕ ಹಾಕಿದರು. ಭಾಗಾಕಾರ ಅಂದರೆ ಮುಖ ಸೊಟ್ಟ ಮಾಡುವವರೂ ಗೋಡೆಗೆ ಅಂಟಿಕೊಂಡು ಲೆಕ್ಕ ಮಾಡಿದರು. ನನ್ನ ಪಾಠ ಅಲ್ಲಿಗೆ ಮುಗಿಯಬೇಕಿತ್ತು. ನಾನು ಸುಣ್ಣ, ಕೆಮ್ಮಣ್ಣು ಕಲಸಿ ಬಣ್ಣ ತುಂಬಿ ಅಂದೆ. ಆ ಹುಡುಗಿ ಬ್ರಷ್ಷು ಹಿಡಿದುಕೊಂಡು ಹೊಟ್ಟೆಯ ಮುಂದೆ ನಿಂತೇ ಇದ್ದಳು.

“ಇದರೊಳಗೆ ಏನೇನೈತೆ ಮಿಸ್?”

ಹಾಗೆ ಹೊರಗಿನ ಬಣ್ಣ ಬಿಟ್ಟು ಒಳಗೆ ಹೊಕ್ಕೆವು. ಹುಲ್ಲು ಎಲ್ಲಿಗೆ ಹೋಗುತ್ತದೆ, ಮತ್ತೆ ಬಾಯಿಗೆ ಬರುವುದು ಎಲ್ಲಿಂದ? ಹಾಲು ಕೆಚ್ಚಲಲ್ಲಿ ಮೊದಲೇ ತುಂಬಿರುತ್ತದೋ, ಕರೆಯುವಾಗ ಹುಟ್ಟುತ್ತದೋ? ತುಂಬಿದ್ದರೆ ಹಸು ಮಲಗಿದಾಗ ಯಾಕೆ ಚೆಲ್ಲುವುದಿಲ್ಲ? ಬೆಳಿಗ್ಗೆ ಸಂಜೆ ಹಾಲಲ್ಲೇ ಬೆಳೆದ ಮಕ್ಕಳು. ಹಾಲಿಗೆ ಗಾಜಿನ ಕೊಳವೆ ಬಿಟ್ಟು ನೋಡಿದಾಗ ಎಷ್ಟು ಡಿಗ್ರಿ ಬಂದರೆ ಡೇರಿಯವರು ಮುಖ ಅರಳಿಸುತ್ತಾರೆ ಅನ್ನುವುದು ಅವರಿಗೆ ಗೊತ್ತು. ಹಾಲು ಎಲ್ಲಿಂದ ಬರುತ್ತದೆ ಅಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ನನಗೂ ಪುಸ್ತಕದ ನಾಲ್ಕು ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ, ಹಾಗಾಗಿ ನನಗೂ ತಡೆಯಲಾಗಲಿಲ್ಲ. ಅಷ್ಟು ವರ್ಷ ಪಾಠ ಮಾಡಿದ ಮೇಲೆ ಮತ್ತೆ ಹಾಗೆ ಕುತೂಹಲ ಹುಟ್ಟಿದ್ದಕ್ಕೆ ಖುಷಿಯಾಯಿತು ಅಂತ ಸುಮ್ಮನೆ ಒಪ್ಪಿಕೊಳ್ಳುತ್ತೇನೆ.

ಎಲ್ಲರೂ ಅವಳ ಮನೆ ಕೊಟ್ಟಿಗೆಗೆ ಹೋದೆವು. ಹಸುವಿಗೆ ಏಳು ತಿಂಗಳ ಗಬ್ಬ, ಹಾಲು ಬತ್ತಿಸಿದ್ದರು. ಅದಕ್ಕೇ ಶಾಲೆಗೆ ಕರೆತರಲು ಅವಳ ಅಮ್ಮ ಒಪ್ಪಿದ್ದು. ಮಕ್ಕಳು ಒಬ್ಬೊಬ್ಬರಾಗಿ ಅದರ ಎಡಗಡೆ ಡೊಕ್ಕೆಗೆ ಕಿವಿ ಇಟ್ಟರು. ಒಳಗೆ ದೂರದಲ್ಲಿ ಗುಡುಗಿದ ಹಾಗೆ ಸದ್ದು ಎದ್ದು, ಉರುಳಿ, ಅಡಗುತ್ತಿತ್ತು. ಬಲಗಡೆ ಇಟ್ಟರೆ ಅದು ಕೇಳಿಸದು. ಆದರೆ ಬಲಗಡೆ ಕೈ ಒತ್ತಿ ಕಾದವರಿಗೆ ಇದ್ದಕ್ಕಿದ್ದ ಹಾಗೆ ಒಂದು ಒದೆತ ಸಿಗುತ್ತಿತ್ತು. ಒದೆತ ಸಿಕ್ಕಿದವಳು ಚೀರಿ ಹಿಂದೆ ಹಾರಿ ಗಂಜಲದ ಮೇಲೆ ಕೂತುಬಿಟ್ಟಳು. ನಾನೂ ಸೆರಗು ಸಿಕ್ಕಿಸಿಕೊಂಡು ಕಿವಿ ಇಟ್ಟೆ. ಹಸು ನನ್ನನ್ನು ತಿರುಗಿ ನೋಡಿ ಒಂದು ನಿಟ್ಟುಸಿರು ಬಿಟ್ಟಿತು.

ಅಷ್ಟರಲ್ಲಿ ಆ ಮನೆಯ ಹುಡುಗಿಯ ಅಪ್ಪ ಎದ್ದು ಹೊರಗೆ ಬಂದರು. ಹೊಲ, ಹಸುವಿನ ಜೊತೆಗೆ ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ರಾತ್ರಿ ಪಾಳಿಯ ಕೆಲಸ ಅವರಿಗೆ. ನಿದ್ದೆಗಣ್ಣಲ್ಲಿ ತಮ್ಮ ಕೊಟ್ಟಿಗೆ ತುಂಬ ಮಕ್ಕಳನ್ನೂ, ಹಸುವಿಗೆ ಕಿವಿ ಒತ್ತಿದ ಮೇಡಮ್ಮನ್ನೂ ಕಂಡರು.

“ಏನ್ ಮೇಡಂ ಇದು?”

“ಪಾಠ” ಅಂದೆ.

“ಹಸು ನೋಡಕ್ಕೆ ಸ್ಕೂಲಿಗ್ಯಾಕೆ ಕಳಿಸ್ಬೇಕು? ಹಸು ಮನೇಲೇ ಐತಲ್ಲ!”

ಅಡ್ಡ ಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರಲ್ಲ ಅವರು. ಆ ಹೊತ್ತಿನಲ್ಲಿ ವ್ಯಾನಿನ ಮಾತು ಎತ್ತುವುದು ಬೇಡ ಅನ್ನಿಸಿತು. ಶಾಲೆಯಲ್ಲಿ ಪೋಷಕರ ಸಭೆ ಇದೆ, ಆ ದಿನ ಬನ್ನಿ, ಗೋಡೆ ನೋಡಿ ಆಮೇಲೆ ಬೈಯಿರಿ ಅಂದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಈಗಲೇ ಹೇಳಿಬಿಡಿ ಅನ್ನುವ ಹಾಗೆ.

ಡೇರಿಗೆ ಬಂದಿದ್ದ ಪಶು ಡಾಕ್ಟರನ್ನು ಶಾಲೆಗೆ ಹಿಡಿದುಕೊಂಡು ಬಂದೆವು. ಅವರು ಪಾಪ ಅರ್ಧ ಗಂಟೆ ಅಂತ ಬಂದು ಊಟದ ಗಂಟೆ ಹೊಡೆದರೂ ಹೋಗಲಿಲ್ಲ. ಗುಡುಗುವುದು ಹುಲ್ಲು ನೆನೆಯುವ ದೊಡ್ಡ ಹೊಟ್ಟೆ, ಅದು ಎಡಗಡೆ ಪೂರ್ತಿ ಆಕ್ರಮಿಸಿಕೊಳ್ಳುತ್ತದೆ, ಹಾಗಾಗಿ ಕರು ಬಲಕ್ಕೆ ಸರಿದುಕೊಂಡು ಜಾಗ ಮಾಡಿಕೊಳ್ಳುತ್ತದೆ ಅಂದರು. ಹಾಲು ಆಗುವುದು ರಕ್ತದಿಂದ, ಒಂದು ಚೊಂಬು ಹಾಲಿಗೆ ಡ್ರಮ್ಮುಗಟ್ಟಲೆ ರಕ್ತ ಕೆಚ್ಚಲಿನೊಳಗೆ ಸುತ್ತಿ ಹೋಗಬೇಕು ಅಂದಾಗ ಮಕ್ಕಳು ಬೆಚ್ಚಿಬಿದ್ದರು. ಮಾರನೆಯ ದಿನ ಇಬ್ಬರು ಮನೆಯಲ್ಲಿ ಹಾಲು ಕುಡಿಯುವುದಿಲ್ಲ ಅಂತ ಹಟ ಹಿಡಿದು ಬೈಸಿಕೊಂಡರಂತೆ. ಮೂರನೆಯ ದಿನ ಕುಡಿದರು. ಮಕ್ಕಳು ರಕ್ತಕ್ಕೆ ಕೆಂಪು ನೂಲು, ಹಾಲಿಗೆ ಬಿಳಿ ನೂಲು ತಂದು ಗೋಡೆಯ ಹಸುವಿನ ಕೆಚ್ಚಲಿನ ಸುತ್ತ ಅಂಟಿಸಿದರು. ಡಾಕ್ಟರು ಹೇಳಿದ ಹೊಟ್ಟೆಯ ನಾಲ್ಕು ಚೀಲಗಳಲ್ಲಿ ದೊಡ್ಡದಕ್ಕೆ ಒಣಹುಲ್ಲು, ಅದರ ಮುಂದಿನದಕ್ಕೆ ಬೂಸ, ಹೀಗೆ ಒಂದೊಂದು ಚೀಲಕ್ಕೂ ಒಂದೊಂದು ಅಂಟಿಸಿ ತುಂಬಿದರು. ಅಡುಗೆಯಮ್ಮ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಒಂದು ಸುತ್ತು ನೋಡಿ ಹೋಗುತ್ತಿದ್ದರು. ಒಂದು ದಿನ ಕರುಳಿನ ಸುರುಳಿಗೆ ತಾವೇ ಹಳೇ ಸೀರೆಯ ಅಂಚು ಹರಿದು ತಂದುಕೊಟ್ಟರು.

ಕೊನೆಗೆ ಉಳಿದದ್ದು ಕರು. ಕೆಮ್ಮಣ್ಣು ಮೆತ್ತಿ ಅದರ ಮೈ ಉಬ್ಬುವ ಹಾಗೆ ಮಾಡೋಣ ಅಂದರು. ಕಾಲು ಮಡಚಿ ಮುಖ ತೊಡೆಗೆ ಇಟ್ಟುಕೊಂಡ ಕರು. ಮೆತ್ತುತ್ತಾ ಒಬ್ಬಳು ಅಂದಳು, “ಹೆಣ್ಗರು ಮಾಡಣ ಕಣ್ರೇ.” ಎಲ್ಲರೂ ಹೆಣ್ಗರು, ಹೆಣ್ಗರು ಅಂದರು. ಗಂಡು ಅಂದವರು ಒಬ್ಬರೂ ಇಲ್ಲ. ನನಗೆ ವಿಚಿತ್ರವಾಗಿ ಕೇಳಿಸಿತು.

“ಯಾಕೆ, ಗಂಡಾದರೆ ಏನು?”

“ಗಂಡ್ಗರು ಯಾರಿಗ್ ಬೇಕು ಮಿಸ್? ಹಾಲು ಕೊಡಲ್ಲ, ಉಳೋದಕ್ಕೆ ಟ್ರಾಕ್ಟರ್ ಐತೆ. ನಮ್ಮಜ್ಜಿ ಅಂತೂ ಹೆಣ್ಗರು ಹುಟ್ಟಿದ್ರೆ ಬೀದಿಗೆಲ್ಲ ಗಿಣ್ಣು ಹಂಚ್ತಾರೆ.”

“ಗಂಡು ಹುಟ್ಟಿದರೆ?”

“ಆಮೇಲೆ ಕಾಣ್ಸಲ್ಲ” ಅಂದಳು. ಎಲ್ಲಿ ಹೋಗುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಲಿಲ್ಲ. ಹಸುವಿನ ಮನೆಯ ಹುಡುಗಿ ಮಾತ್ರ ಮಣ್ಣಿನ ಕೈಯಲ್ಲೇ ನಿಂತು ಏನೋ ಕೂಡಿಸಿ ಕಳೆಯುತ್ತಿದ್ದವಳ ಹಾಗೆ ಕಂಡಳು.

ಸಭೆಯ ದಿನ ಅಪ್ಪಂದಿರೂ ಅಮ್ಮಂದಿರೂ ಗೋಡೆಯ ಮುಂದೆ ಜಮಾಯಿಸಿದರು. ನಮ್ಮ ಸಭೆಗೆ ಅಷ್ಟು ಜನ ಬಂದದ್ದೇ ಇಲ್ಲ. ಇಡೀ ಊರಿಗೆ ಹಸುವೆಂದರೆ ಗೊತ್ತು, ಹಾಗಾಗಿ ಎಲ್ಲರೂ ತಪ್ಪು ಹುಡುಕಲು ಬಂದಿದ್ದರು. ಬೆನ್ನು ಸ್ವಲ್ಪ ತಗ್ಗಾಯಿತು ಅಂದರು, ಕೆಚ್ಚಲು ಚೆನ್ನಾಗಿದೆ ಅಂದರು. ಒಬ್ಬರು ಇದು ನಿಮ್ಮನೆ ಹಸುವಲ್ಲವೇನಪ್ಪಾ ಅಂತ ಹುಡುಗಿಯ ಅಪ್ಪನನ್ನು ಕೇಳಿಯೇಬಿಟ್ಟರು. ಅವರ ಮುಖದಲ್ಲಿ ಸಣ್ಣ ಹೆಮ್ಮೆ ಕಾಣಿಸಿತು. ಪಕ್ಕದಲ್ಲಿ ಅವರ ಮಗ ಟೈ ಕಟ್ಟಿಕೊಂಡೇ ನಿಂತಿದ್ದ.

ಹುಡುಗಿ ಕೋಲು ಹಿಡಿದು ವಿವರಿಸಿದಳು. ಗುಡುಗುವ ಹೊಟ್ಟೆ, ಮೆಲುಕು, ಕೆಂಪು ನೂಲು ಬಿಳಿಯಾಗುವುದು, ಎಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಕರುವಿನ ಹತ್ತಿರ ಬಂದಾಗ ಅವಳ ಅಪ್ಪ ತಮಾಷೆಗೆ ಕೇಳಿದರು, “ಹೆಣ್ಗರು ತಾನೆ?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

“ಅದು ಹುಟ್ಟಿದ್ಮೇಲೆ ಗೊತ್ತಾಗೋದಪ್ಪಾ. ಹೊಟ್ಟೆ ಒಳಗಿದ್ದಾಗ ಎರಡಕ್ಕೂ ಒಂದೇ ಹುಲ್ಲು. ಗಂಡಿಗೊಂದು ಹೆಣ್ಣಿಗೊಂದು ಅಂತ ಹಸು ಮಾಡಲ್ಲ. ನಾವು ಮಾಡೋದು. ಕೊಟ್ಟಿಗೇಲಿ ಹೆಣ್ಣಿಗೆ ಜಾಸ್ತಿ, ಮನೇಲಿ ಗಂಡಿಗೆ ಜಾಸ್ತಿ.” ಕೋಲು ಕೆಳಗಿಳಿಸಿ, “ನಂಗೂ ವ್ಯಾನು ಬೇಕು” ಅಂದಳು.

ಯಾರೋ ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅವಳ ಅಪ್ಪ ಗೋಡೆಯನ್ನೇ ನೋಡುತ್ತಾ ನಿಂತರು. ಎಲ್ಲ ಹೋದ ಮೇಲೆ ಅವರನ್ನು ತಡೆದು ನಾನೂ ಹೇಳಿದೆ. ಅವಳನ್ನು ವ್ಯಾನಿನ ಶಾಲೆಗೇ ಸೇರಿಸಿ, ನಮ್ಮಲ್ಲಿ ಅವಳ ಓದು ಮುಗಿಯಿತು, ಅವಳಿಗೆ ಇನ್ನೂ ನೋಡುವುದಿದೆ ಅಂದೆ. “ಆಗ್ಲಿ ಮೇಡಂ, ಅವ್ಳು ಹೇಳಿದ್ರಲ್ಲೂ ನ್ಯಾಯ ಐತೆ. ಯೋಚ್ನೆ ಮಾಡ್ತೀನಿ” ಅಂದರು. ಅವರು ಮಾತಿಗೆ ತಪ್ಪುವವರಲ್ಲ. ಹೊಸಕೋಟೆ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಅವರು ಬೆಳಿಗ್ಗೆಯೇ ಬಂದರು. ಹಿಂದೆ ಹುಡುಗಿ, ಅವಳ ಕೈಯಲ್ಲಿ ತಮ್ಮನ ಕೈ. ಅವನ ಕುತ್ತಿಗೆಯಲ್ಲಿ ಟೈ ಇರಲಿಲ್ಲ.

“ಹಸು ಈಯ್ತು ಮೇಡಂ, ಹೆಣ್ಗರು” ಅಂದರು ಸಂತೋಷದಿಂದ. “ಇವನನ್ನ ಎರಡನೇ ಕ್ಲಾಸಿಗೆ ಬರ್ಕೊಳ್ಳಿ. ಟೀಸಿ ತಂದಿದ್ದೀನಿ. ಅವತ್ತು ಅವ್ಳು ಹೇಳಿದ ಮಾತು ತಲೇಲೇ ಕೂತ್ಬಿಡ್ತು. ನ್ಯಾಯ ಅಂದ್ರೆ ಇಬ್ರಿಗೂ ಒಂದೇ ಆಗ್ಬೇಕಲ್ಲ. ಅದಕ್ಕೆ ವ್ಯಾನೇ ಬಿಡಿಸ್ಬಿಟ್ಟೆ. ಅವ್ಳು ಆರನೇ ಕ್ಲಾಸು ಪಕ್ಕದೂರಲ್ಲಿ, ಇವ್ನು ನಿಮ್ಮತ್ರ. ಹೋಗ್ತಾ ಇಲ್ಲಿ ಬಿಟ್ಟು ಹೋಗ್ತಾಳೆ, ಬರ್ತಾ ಕರ್ಕೊಂಡು ಬರ್ತಾಳೆ. ನಿಮ್ಮಂಥ ಮೇಡಂ ಇದ್ಮೇಲೆ ಕಾನ್ವೆಂಟ್ ಯಾಕೆ ಅಂತ.”

ನನ್ನ ಶಾಲೆಗೆ ಒಬ್ಬ ಹುಡುಗ ಬಂದ, ಅದೂ ವ್ಯಾನಿನಿಂದ ಇಳಿದು. ಆ ವರ್ಷ ಅಂಥದ್ದು ಸುತ್ತಮುತ್ತ ಯಾವ ಶಾಲೆಗೂ ಆಗಿರಲಿಕ್ಕಿಲ್ಲ. ನನಗೆ ಹಿಗ್ಗಾಯಿತು, ಸುಳ್ಳು ಹೇಳಲಾರೆ. ಮರುಕ್ಷಣವೇ ಹಿಂದೆ ನಿಂತಿದ್ದ ಹುಡುಗಿಯ ಕಡೆ ನೋಡಿದೆ. “ಅವಳು ಕೇಳಿದ್ದು…” ಅಂತ ಶುರು ಮಾಡಿದೆ. ಪಾಳಿ ಮುಗಿಸಿ ನೇರ ಬಂದಿದ್ದೇನೆ, ನಿದ್ದೆ ಎಳೆಯುತ್ತಿದೆ ಅಂತ ಅವರು ಕೈ ಮುಗಿದು ಹೊರಟೇಬಿಟ್ಟರು. ಹುಡುಗ ಖುಷಿಯಲ್ಲಿದ್ದ, ಇನ್ನು ಮೂಳೆಗೂಡಿನ ಕೋಣೆ ದಾಟಬೇಕಾಗಿಲ್ಲ.

ಹುಡುಗಿ ಅಪ್ಪ ಗೇಟು ದಾಟುವವರೆಗೂ ಕಾದಳು. ಅತ್ತಿರಲಿಲ್ಲ. ಲೆಕ್ಕದ ಉತ್ತರ ತಪ್ಪಿದಾಗ ಬೋರ್ಡು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದಳು.

“ನಾನ್ ಕೇಳಿದ್ದು ಇದಲ್ಲ ಮಿಸ್” ಅಂದಳು.

ಅವಳ ಶಾಲೆಗೆ ಹೊತ್ತಾಗುತ್ತಿತ್ತು. ತಮ್ಮನ ಕೈಯನ್ನು ನನ್ನ ಕೈಗೆ ಕೊಟ್ಟು, ಬ್ಯಾಗು ಸರಿಮಾಡಿಕೊಂಡು, ಪಕ್ಕದೂರಿಗೆ ಹೋಗುವ ಕೆರೆ ಏರಿಯ ಕಡೆಗೆ ನಡೆದಳು.